ಮೆದುಳಿನ ಕೆಂಪು ಚುಕ್ಕೆ, ಕೋಶದಲ್ಲಿ ಕರಗುವ ಹುಳು, ಗುಣವಾಗುವ ಮನಸ್ಸು: ಇದರಲ್ಲಿ ಎಷ್ಟು ನಿಜ?

ವಿಜ್ಞಾನ ಮಾಸ್ತರ, ಸಿಂಧನೂರು

ಕಳೆದ ಶನಿವಾರ ನಮ್ಮ ಭಾಗದ ಪ್ರೌಢಶಾಲಾ ಶಿಕ್ಷಕರಿಗೆ ಮಕ್ಕಳ ಮಾನಸಿಕ ಆಘಾತದ ಕುರಿತು ಒಂದು ದಿನದ ಕಾರ್ಯಾಗಾರ ನಡೆಯಿತು. ಸಂಪನ್ಮೂಲ ವ್ಯಕ್ತಿಯಾಗಿ ಬಂದವರು ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಎಡಕ್ಕೆ ಅಲ್ಲಲ್ಲಿ ಕೆಂಪಾಗಿ ಹೊಳೆಯುತ್ತಿದ್ದ ಮೆದುಳಿನ ಸ್ಕ್ಯಾನ್, ಬಲಕ್ಕೆ ಕಡ್ಡಿಗೆ ಅಂಟಿಕೊಂಡ ಪಾತರಗಿತ್ತಿಯ ಕೋಶ. ಎಡಗಡೆಯದು ಆಘಾತಕ್ಕೆ ಸಿಕ್ಕ ಮೆದುಳು, ಆ ಕೆಂಪು ಇರುವಲ್ಲೇ ನೋವು ಕುಳಿತಿದೆ ಎಂದರು. ಬಲಗಡೆಯ ಕೋಶದೊಳಗೆ ಹುಳು ಪೂರ್ತಿ ಕರಗಿ ರಸವಾಗುತ್ತದೆ, ಹಳೆಯದರ ನೆನಪೂ ಉಳಿಯದೆ ಹೊಸ ಜೀವಿ ಎದ್ದು ಬರುತ್ತದೆ, ಚಿಕಿತ್ಸೆ ಪಡೆದ ಮನಸ್ಸಿನಲ್ಲಿ ಆಗುವುದೂ ಇದೇ, ಸ್ಕ್ಯಾನ್ ಇದನ್ನು ಸಾಬೀತುಪಡಿಸಿದೆ ಎಂದರು. ಕೊನೆಗೆ ನಮ್ಮೆಲ್ಲರ ಕೈಗಳನ್ನು ಎದೆಯ ಮೇಲೆ ಅಡ್ಡ ಇರಿಸಿ, ಎರಡೂ ಭುಜಗಳನ್ನು ಒಂದಾದ ಮೇಲೊಂದರಂತೆ ತಟ್ಟಿಸಿ, ಇದಕ್ಕೆ ಚಿಟ್ಟೆ ಅಪ್ಪುಗೆ ಎಂಬ ಹೆಸರು ಬಂದದ್ದು ಆ ಕೋಶದಿಂದಲೇ ಎಂದೂ ಸೇರಿಸಿದರು.

ಸೋಮವಾರ ಎಂಟನೇ ತರಗತಿಯಲ್ಲಿ ನಾನು ಇದನ್ನೇ ಒಪ್ಪಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮನೆಯ ಕರಿಬೇವಿನ ಗಿಡದಿಂದ ಮೂರು ಕೋಶಗಳನ್ನು ಕಡ್ಡಿಯ ಸಮೇತ ತಂದು, ಪ್ಲಾಸ್ಟಿಕ್ ಬಾಟಲಿಯಲ್ಲಿಟ್ಟು, ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಕಿಟಕಿಯ ಮೇಲೆ ಇರಿಸಿದ್ದಾಳೆ. ಅವಳು ಎದ್ದು ನಿಂತು, "ಸರ್, ಒಳಗೆ ಎಲ್ಲಾ ನೀರಾಗಿದ್ದರೆ ಮುಟ್ಟಿದಾಗ ಅದು ಬಾಲ ಅಲುಗಾಡಿಸುವುದು ಹೇಗೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಸ್ಕ್ಯಾನ್, ಕೀಟ, ಮನಸ್ಸು ಈ ಮೂರರಲ್ಲಿ ಯಾವುದನ್ನಾದರೂ ಹತ್ತಿರದಿಂದ ಬಲ್ಲವರು ಇಲ್ಲಿದ್ದರೆ ಬಿಡಿಸಿ ಬರೆಯಬೇಕೆಂದು ವಿನಂತಿ.

ಸ್ಕ್ಯಾನ್ ಕೋಣೆ, ಬಳ್ಳಾರಿ

ಮಾಸ್ತರರೇ, ನಾನು ಹದಿನಾಲ್ಕು ವರ್ಷದಿಂದ ಸಿ.ಟಿ. ಮತ್ತು ಎಂ.ಆರ್.ಐ. ಯಂತ್ರಗಳ ಮುಂದೆ ಕೂತಿರುವ ತಂತ್ರಜ್ಞ. ವೈದ್ಯನಲ್ಲವಾದ್ದರಿಂದ ರೋಗದ ಬಗ್ಗೆ ಮಾತಾಡುವುದಿಲ್ಲ, ಚಿತ್ರದ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದಾಗಿ, ಮೆದುಳಿನಲ್ಲಿ ಆ ಕೆಂಪು ಇಲ್ಲ. ನಮ್ಮ ಯಂತ್ರದಿಂದ ಹೊರಬರುವುದು ಕಪ್ಪು, ಬಿಳುಪು ಮತ್ತು ನಡುವಿನ ಬೂದು ಛಾಯೆ ಮಾತ್ರ. ಕೆಂಪು ತೋರಿಸುವ ಚಿತ್ರಗಳು ಕ್ರಿಯಾತ್ಮಕ ಎಂ.ಆರ್.ಐ. ಎಂಬ ವಿಧಾನದವು. ಜಪಾನಿನ ಸೇಜಿ ಒಗಾವಾ 1990ರ ಸುಮಾರಿಗೆ ತೋರಿಸಿಕೊಟ್ಟ ಪ್ರಕಾರ, ಆಮ್ಲಜನಕ ಹೊತ್ತ ರಕ್ತ ಮತ್ತು ಅದನ್ನು ಬಿಟ್ಟುಕೊಟ್ಟ ರಕ್ತ ಕಾಂತಕ್ಷೇತ್ರದಲ್ಲಿ ಬೇರೆಬೇರೆಯಾಗಿ ವರ್ತಿಸುವುದರಿಂದ, ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯಿತು ಎಂಬುದನ್ನು ಹೊರಗಿನಿಂದಲೇ ಅಂದಾಜು ಮಾಡಬಹುದು. ಅಂದರೆ ಅಳೆಯುವುದು ರಕ್ತವನ್ನು, ಯೋಚನೆಯನ್ನಲ್ಲ. ಬದಲಾವಣೆಯೂ ಅತ್ಯಲ್ಪ, ಸಾಮಾನ್ಯವಾಗಿ ಶೇಕಡ ಒಂದೆರಡರಷ್ಟು. ಅದನ್ನು ಹತ್ತಾರು ಜನರಲ್ಲಿ ಅಳೆದು, ಸರಾಸರಿ ತೆಗೆದು, ಗಣಿತದ ಒಂದು ಗೆರೆ ದಾಟಿದ ಚುಕ್ಕೆಗಳಿಗೆ ಮಾತ್ರ ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತಾರೆ. ಗೆರೆಯನ್ನು ಸ್ವಲ್ಪ ಕೆಳಗಿಳಿಸಿದರೆ ಇಡೀ ಮೆದುಳು ಜಾತ್ರೆಯ ತೇರಿನಂತೆ ಬೆಳಗುತ್ತದೆ, ಮೇಲೇರಿಸಿದರೆ ಒಂದು ಚುಕ್ಕೆಯೂ ಉಳಿಯುವುದಿಲ್ಲ.

ಈ ಗೆರೆಯ ವಿಷಯದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂದು ತೋರಿಸಲು ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು 2009ರಲ್ಲಿ ಒಂದು ಸತ್ತ ಸಾಲ್ಮನ್ ಮೀನನ್ನು ಯಂತ್ರದೊಳಗೆ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೊಗಳನ್ನು ತೋರಿಸಿ, ಇವರ ಮನಸ್ಸಿನಲ್ಲಿ ಯಾವ ಭಾವನೆ ಇದೆ ಹೇಳು ಎಂದು ಕೇಳಿದರು. ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಮಾಡದೆ ಬಿಟ್ಟಾಗ, ಸತ್ತ ಮೀನಿನ ಮೆದುಳಿನಲ್ಲೂ ಕೆಂಪು ಚುಕ್ಕೆ ಕಾಣಿಸಿತು. ತಿದ್ದುಪಡಿ ಮಾಡಿದ ಕೂಡಲೇ ಮಾಯವಾಯಿತು. 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ತಮಾಷೆ ಎನಿಸಿದರೂ ಆಮೇಲಿನ ಸಂಶೋಧಕರು ಈ ಲೆಕ್ಕದಲ್ಲಿ ಬಿಗಿಯಾದರು.

ಹಾಗೆಂದು ಆ ವಿಧಾನವೇ ಸುಳ್ಳೆನ್ನುವುದಿಲ್ಲ. ಗುಂಪುಗಳನ್ನು ಹೋಲಿಸುವ ಸಂಶೋಧನೆಗೆ ಅದು ಬೆಲೆಬಾಳುತ್ತದೆ. ಒಬ್ಬ ವ್ಯಕ್ತಿಯ ಒಂದು ಚಿತ್ರ ಹಿಡಿದು "ಇಗೋ ಇಲ್ಲಿ ನೋವು" ಎಂದು ಬೆರಳಿಟ್ಟು ತೋರಿಸಲು ಮಾತ್ರ ಬರುವುದಿಲ್ಲ.

ಪಾತರಗಿತ್ತಿ ಹುಚ್ಚ, ಕೊಪ್ಪಳ

ಮಾಸ್ತರರೇ, ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ, ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಕರಿಬೇವಿನ ಗಿಡದಲ್ಲಿ ಸಿಕ್ಕಿದ್ದರೆ ಬಹುಶಃ ಅದು ನಿಂಬೆ ಚಿಟ್ಟೆಯ ಕೋಶ. ಮರಿಹುಳು ಚಿಕ್ಕದಿರುವಾಗ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬೆಳೆದ ಮೇಲೆ ಎಲೆಯ ಹಸಿರು ತಾಳುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬನ್ನು ಹೊರಚಾಚಿ ವಾಸನೆ ಬಿಡುತ್ತದೆ. ಕೋಶವಾಗುವಾಗ ಬಾಲದ ತುದಿಯನ್ನು ಕಡ್ಡಿಗೆ ಅಂಟಿಸಿ, ಎದೆಯ ಸುತ್ತ ಒಂದೇ ಎಳೆಯ ರೇಷ್ಮೆಯನ್ನು ಸೊಂಟಪಟ್ಟಿಯಂತೆ ಬಿಗಿದು ಒರಗಿಕೊಳ್ಳುತ್ತದೆ. ರೇಷ್ಮೆ ಹುಳುವಿನಂತೆ ಇದು ಗೂಡು ಕಟ್ಟುವುದಿಲ್ಲ, ಕೊನೆಯ ಪೊರೆ ಕಳಚಿದಾಗ ಒಳಗಿರುವ ಮೈಯೇ ಕೋಶ. ಹೊಟ್ಟೆಯ ಭಾಗದ ಸ್ನಾಯುಗಳಲ್ಲಿ ಕೆಲವು ಕೆಲಸ ಮಾಡುತ್ತಲೇ ಇರುವುದರಿಂದ ಮುಟ್ಟಿದಾಗ ಅಲುಗಾಡುತ್ತದೆ.

ಪೂರ್ತಿ ರಸವಾಗುತ್ತದೆ ಎನ್ನುವುದು ಹಳೆಯ ಅರೆಸತ್ಯ. ಅನೇಕ ಸ್ನಾಯುಗಳು ಮತ್ತು ಕರುಳಿನ ಅಂಗಾಂಶ ಒಡೆದು ಹೋಗುವುದು ನಿಜ, ಕೋಶವನ್ನು ಕತ್ತರಿಸಿದವರಿಗೆ ಕಾಣುವುದೂ ಮುಖ್ಯವಾಗಿ ಆ ಲೋಳೆ. ಆದರೆ ಕತ್ತರಿಸಿದ ಮೇಲೆ ಕಂಡದ್ದನ್ನು ಒಳಗಿನ ಸ್ಥಿತಿ ಎಂದು ನಂಬುವುದು, ಮೊಸರಿನ ಗಡಿಗೆಯನ್ನು ಕೋಲಿನಿಂದ ಕಲಕಿ ಇದು ಮೊದಲಿನಿಂದಲೂ ಮಜ್ಜಿಗೆಯೇ ಎಂದಂತೆ. 2013ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಕತ್ತರಿಯ ಗೋಜಿಗೆ ಹೋಗದೆ, ಬದುಕಿರುವ ಪೇಂಟೆಡ್ ಲೇಡಿ ಚಿಟ್ಟೆಯ ಕೋಶಗಳನ್ನು ಸೂಕ್ಷ್ಮ ಸಿ.ಟಿ. ಯಂತ್ರದಲ್ಲಿಟ್ಟು, ಅದೇ ಕೋಶವನ್ನು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಚಿತ್ರಿಸಿದರು. ಮೊದಲ ದಿನಗಳಲ್ಲೇ ಉಸಿರ್ನಾಳಗಳ ಜಾಲ ಅಚ್ಚುಕಟ್ಟಾಗಿ ಎದ್ದು ಕಂಡಿತು, ಕರುಳು ತನ್ನ ಆಕಾರ ಬದಲಿಸುತ್ತಾ ಹೋದದ್ದೂ ಕಂಡಿತು. ಮೇಲಿನ ಸ್ಕ್ಯಾನ್ ಕೋಣೆಯವರ ಸಿ.ಟಿ. ಯಂತ್ರದ ತತ್ವವೇ ಅಲ್ಲಿಯೂ ಇದೆ, ಅಳತೆ ಮಾತ್ರ ಬೇರೆ.

ಇನ್ನು ರೆಕ್ಕೆ ಕೋಶದಲ್ಲಿ ಹೊಸದಾಗಿ ಹುಟ್ಟುವುದೇ ಇಲ್ಲ. ಎಲೆ ತಿನ್ನುತ್ತಿರುವ ಹುಳುವಿನ ಎದೆಯೊಳಗೆ ನಾಲ್ಕು ಪುಟ್ಟ ಬಿಲ್ಲೆಗಳಾಗಿ ಅದು ಆಗಲೇ ಇರುತ್ತದೆ, ಕೊನೆಯ ಹಂತದ ಹುಳುವಿನಲ್ಲಿ ಅವುಗಳೊಳಗೆ ನರಗೆರೆಗಳ ದಾರಿಯೂ ಮೂಡತೊಡಗುತ್ತದೆ. ಕೋಶದಲ್ಲಿ ಆ ಬಿಲ್ಲೆ ಎರಡು ಪದರದ ಹಾಳೆಯಾಗಿ ಹರಡುತ್ತದೆ. ನಾವು ಬೆರಳಿಗೆ ಅಂಟಿಸಿಕೊಳ್ಳುವ ಪುಡಿಯ ಒಂದೊಂದು ಕಣವೂ ಒಂದೊಂದು ಜೀವಕೋಶ ಕಟ್ಟಿದ ಹುರುಪೆ. 2021ರಲ್ಲಿ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದವರು ಇದೇ ಪೇಂಟೆಡ್ ಲೇಡಿಯ ಕೋಶದ ಸಿಪ್ಪೆಯಲ್ಲಿ ಒಂದು ಚಿಕ್ಕ ಕಿಟಕಿ ಕೊರೆದು, ಗಾಜು ಮುಚ್ಚಿ, ಹುರುಪೆಗಳು ಸಾಲುಗಟ್ಟಿ ಬೆಳೆಯುವುದನ್ನು ಜೀವಂತವಾಗಿ ಚಿತ್ರೀಕರಿಸಿದರು. ಬಣ್ಣ ಬರುವುದು ಕಟ್ಟಕಡೆಗೆ. ನಿಮ್ಮ ಹುಡುಗಿಯ ಕೋಶ ಹೊರಬರುವ ಹಿಂದಿನ ದಿನ ಕಪ್ಪಾಗುತ್ತದೆ, ಸಿಪ್ಪೆಯ ಮೂಲಕ ರೆಕ್ಕೆಯ ಹಳದಿ ಚುಕ್ಕೆಗಳು ಕಾಣುತ್ತವೆ. ಆ ದಿನ ತಪ್ಪಿಸಬೇಡಿ.

ಭತ್ತದ ಕಣಜ, ಗಂಗಾವತಿ

ಎಲ್ಲರೂ ತಿಳಿದವರು, ನಾನು ಅಕ್ಕಿ ಗಿರಣಿಯವನು. ಆದರೂ ಒಂದು ಮಾತು ಕೇಳುತ್ತೇನೆ. ಆ ಕಾರ್ಯಾಗಾರದವರು ನೊಂದ ಮಕ್ಕಳಿಗೆ ಧೈರ್ಯ ಬರಲಿ ಎಂದು ಒಂದು ಉಪಮೆ ಹೇಳಿದರು. ಹುಳು ಪೂರ್ತಿ ಕರಗಿತೋ ಅರ್ಧ ಕರಗಿತೋ ಎಂದು ಅಳೆಯಲು ಕೂತರೆ ಯಾವ ಕಥೆಯೂ ಉಳಿಯುವುದಿಲ್ಲ. ಪುರಾಣ ಹೇಳುವವರನ್ನು ನಾವು ಹೀಗೆ ಅಡ್ಡಗಟ್ಟಿ ಪ್ರಶ್ನಿಸುತ್ತೇವೆಯೇ? ಕಥೆ ಕೇಳಿದ ಮಗುವಿಗೆ ಸಮಾಧಾನವಾದರೆ ಸಾಲದೇ?

ಆಪ್ತಸಮಾಲೋಚಕಿ, ರಾಯಚೂರು

ಅಣ್ಣಾ, ಉಪಮೆಯ ಬಗ್ಗೆ ನನಗೂ ತಕರಾರಿಲ್ಲ, ಕೆಲಸದಲ್ಲಿ ದಿನವೂ ಬಳಸುತ್ತೇನೆ. ತಕರಾರು ಇರುವುದು "ನೆನಪೂ ಉಳಿಯುವುದಿಲ್ಲ" ಎಂಬ ಭರವಸೆಯ ಮೇಲೆ. ನನ್ನಲ್ಲಿಗೆ ಬರುವವರು ಮೊದಲ ದಿನವೇ ಕೇಳುವುದು, "ಮೇಡಂ, ಅದನ್ನು ಅಳಿಸಿಬಿಡಿ" ಎಂದು. ಆಗದ್ದನ್ನು ಆಗುತ್ತದೆ ಎಂದು ಕಳುಹಿಸಿದರೆ, ಆರು ವಾರದ ನಂತರವೂ ನೆನಪು ಬಂದಾಗ ಅವರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ, ಚಿಕಿತ್ಸೆಯನ್ನು ಅಲ್ಲಿಗೇ ಬಿಡುತ್ತಾರೆ.

ಚಿಕಿತ್ಸೆಯಲ್ಲಿ ನಿಜವಾಗಿ ನಡೆಯುವುದೇನು ಎಂದು ಹೇಳುತ್ತೇನೆ. ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಘಟನೆಗೆ ಸಿಕ್ಕವರಲ್ಲಿ ಬಹುಪಾಲು ಜನ ಮನೆಯವರ, ನೆರೆಯವರ ನಡುವೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ದಾಟಿದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ಜಾಗವನ್ನೇ ತಪ್ಪಿಸಿ ಓಡಾಡುವುದು ಬಿಡದಿದ್ದಾಗ ನೆರವು ಬೇಕಾಗುತ್ತದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು ಮುಖ್ಯವಾಗಿ ಎರಡನ್ನು: ಆಘಾತವನ್ನೇ ಎದುರಿಟ್ಟುಕೊಂಡು ಮಾಡುವ ಅರಿವು-ವರ್ತನೆಯ ಚಿಕಿತ್ಸೆ, ಮತ್ತು ಕಣ್ಣಿನ ಚಲನೆಯೊಡನೆ ಮಾಡುವ ಇ.ಎಂ.ಡಿ.ಆರ್. ಎರಡನೆಯದನ್ನು ಫ್ರಾನ್ಸಿನ್ ಶಪೀರೊ ಎಂಬವರು 1989ರಲ್ಲಿ ಪ್ರಕಟಿಸಿದರು. ಅದರಿಂದ ಗುಣ ಕಾಣುತ್ತದೆ ಎಂಬುದರಲ್ಲಿ ಹೆಚ್ಚು ಜಗಳವಿಲ್ಲ. ಗುಣ ಕೊಡುವುದು ಕಣ್ಣಿನ ಚಲನೆಯೋ, ಅದರ ಜೊತೆ ನೆನಪನ್ನು ಎದುರಿಸುವುದೋ ಎಂಬ ಜಗಳ ಮಾತ್ರ ಇನ್ನೂ ನಿಂತಿಲ್ಲ. ಚಿಟ್ಟೆ ಅಪ್ಪುಗೆ ಹುಟ್ಟಿದ್ದೂ ಈ ಪದ್ಧತಿಯ ಮಗ್ಗುಲಲ್ಲಿ. 1997ರ ಅಕ್ಟೋಬರಿನಲ್ಲಿ ಮೆಕ್ಸಿಕೊದ ಅಕಾಪುಲ್ಕೊಗೆ ಪೌಲಿನಾ ಚಂಡಮಾರುತ ಬಡಿದ ನಂತರ, ಅಲ್ಲಿನ ಮಕ್ಕಳ ಜೊತೆ ಕೆಲಸ ಮಾಡುವಾಗ ಲುಸೀನಾ ಆರ್ಟಿಗಾಸ್ ಅದನ್ನು ರೂಪಿಸಿದರು. ಅಡ್ಡ ಇಟ್ಟ ಕೈಗಳು ರೆಕ್ಕೆಯಂತೆ ಕಾಣುತ್ತವೆ, ಹೆಸರಿನ ಹಿಂದಿರುವುದು ಅಷ್ಟೇ. ಕೋಶದೊಳಗೆ ಏನು ಕರಗಿತು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾನು ಹೆಚ್ಚು ನಂಬುವುದು ಇನ್ನೊಂದನ್ನು. ಯುದ್ಧದಿಂದ ಓಡಿಬಂದ ನಿರಾಶ್ರಿತರಿಗಾಗಿ ಜರ್ಮನಿಯ ಮನಶ್ಶಾಸ್ತ್ರಜ್ಞರು ಕಟ್ಟಿದ ಕಥನ ಚಿಕಿತ್ಸೆ ಅದು. ನೆಲದ ಮೇಲೆ ಒಂದು ಹಗ್ಗ ಹಾಸುತ್ತೇವೆ. ಒಂದು ತುದಿ ಹುಟ್ಟು, ಸುರುಳಿಯಾಗಿ ಬಿಟ್ಟ ಇನ್ನೊಂದು ತುದಿ ಇನ್ನೂ ಬಾರದ ದಿನಗಳು. ಒಳ್ಳೆಯದಕ್ಕೆ ಹೂವು, ಕೆಟ್ಟದ್ದಕ್ಕೆ ಕಲ್ಲು. 2009ರ ನೆರೆಯಲ್ಲಿ ಮನೆ ಕಳೆದುಕೊಂಡ ನದಿ ದಂಡೆಯ ಒಬ್ಬ ರೈತರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಆ ರಾತ್ರಿಗೆ ಒಂದು ದೊಡ್ಡ ಕಲ್ಲು ಇಟ್ಟರು. ಸ್ವಲ್ಪ ಹೊತ್ತು ನೋಡಿ, ಅದನ್ನು ಎತ್ತಿ, ಎರಡು ಸಣ್ಣ ಕಲ್ಲು ಇಟ್ಟರು. ಒಂದು ನೀರು ಬಂದದ್ದಕ್ಕೆ, ಇನ್ನೊಂದು ಕಟ್ಟಿದ ಎಮ್ಮೆಯ ಹಗ್ಗ ಬಿಚ್ಚಲು ಮರೆತದ್ದಕ್ಕೆ. ಅಷ್ಟು ವರ್ಷ ಎರಡೂ ಒಂದೇ ಭಾರವಾಗಿ ಅವರ ಎದೆಯ ಮೇಲೆ ಕೂತಿದ್ದವು. ಕಲ್ಲುಗಳನ್ನು ನಾವು ಹಗ್ಗದಿಂದ ತೆಗೆಯಲಿಲ್ಲ, ಅವು ಯಾವ ವರ್ಷಕ್ಕೆ ಸೇರಿದವೋ ಅಲ್ಲಿಟ್ಟೆವು. ಮಳೆ ಶುರುವಾದರೆ ಈಗಲೂ ಅವರು ಎದ್ದು ಕೂರುತ್ತಾರೆ, ಆದರೆ ಮೊದಲಿನಂತೆ ಹೊರಗೆ ಓಡುವುದಿಲ್ಲ.

ಪಾತರಗಿತ್ತಿ ಹುಚ್ಚ, ಕೊಪ್ಪಳ

ಮೇಡಂ ಅವರು ನೆನಪಿನ ಮಾತು ತೆಗೆದದ್ದರಿಂದ ಒಂದು ಪ್ರಯೋಗ ಹೇಳಲೇಬೇಕು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ತಂಬಾಕಿನ ಗಿಡದ ಪತಂಗದ ಹುಳುಗಳಿಗೆ ಈಥೈಲ್ ಅಸಿಟೇಟ್ ಎಂಬ ವಾಸನೆ ತೋರಿಸುವಾಗಲೆಲ್ಲ ಸಣ್ಣ ವಿದ್ಯುತ್ ಹೊಡೆತ ಕೊಟ್ಟು, ಆ ವಾಸನೆಯಿಂದ ದೂರ ಸರಿಯುವುದನ್ನು ಕಲಿಸಿದರು. ಹುಳು ಕೋಶವಾಗಿ, ಪತಂಗವಾಗಿ ಹೊರಬಂದ ಮೇಲೆ ಪರೀಕ್ಷಿಸಿದಾಗ, ಹುಳುವಿನ ಕೊನೆಯ ಹಂತವಾದ ಐದನೆಯದರಲ್ಲಿ ಪಾಠ ಕಲಿತಿದ್ದವು ಪತಂಗವಾದ ಮೇಲೂ ಆ ವಾಸನೆಗೆ ಮುಖ ತಿರುಗಿಸಿದವು. ಮೂರನೇ ಹಂತದಲ್ಲೇ ಕಲಿತವುಗಳಲ್ಲಿ ಅದು ಉಳಿದಿರಲಿಲ್ಲ. 2008ರಲ್ಲಿ ಇದು ಪ್ರಕಟವಾಯಿತು. ಮೆದುಳಿನ ಕೆಲವು ಭಾಗ ಕೋಶದ ಕಾಲವನ್ನು ದಾಟಿ ಉಳಿಯುತ್ತದೆ ಎಂಬುದು ಅವರ ವಿವರಣೆ. ಕಾರ್ಯಾಗಾರದವರ ಉಪಮೆ ಕೆಡುವುದು ಅವರು ಆರಿಸಿಕೊಂಡ ಜಾಗದಲ್ಲೇ.

ಭತ್ತದ ಕಣಜ, ಗಂಗಾವತಿ

ಹಾಗಾದರೆ ಹುಳುವಿಗೂ ಆಘಾತವಾಗುತ್ತದೆ ಎಂದಾಯಿತು!

ಆಪ್ತಸಮಾಲೋಚಕಿ, ರಾಯಚೂರು

ಆಗಲಿಲ್ಲ ಅಣ್ಣಾ. ಒಂದು ವಾಸನೆಯಿಂದ ದೂರ ಸರಿಯುವುದನ್ನು ಕಲಿಯುವುದು ಒಂದು, ಆ ರಾತ್ರಿ ನಾನೇ ಹಗ್ಗ ಬಿಚ್ಚಬೇಕಿತ್ತು ಎಂದು ವರ್ಷಗಟ್ಟಲೆ ಕೊರಗುವುದು ಇನ್ನೊಂದು. ಇಲಿ, ಹುಳುಗಳಿಂದ ಭಯದ ಕಲಿಕೆಯ ಬಗ್ಗೆ ಬಹಳ ತಿಳಿದಿದೆ. ಉದಾಹರಣೆಗೆ, ಹಳೆಯ ಭಯವನ್ನು ಮೆದುಳು ಅಳಿಸುವುದಿಲ್ಲ, ಅದರ ಮೇಲೆ "ಈಗ ಅಪಾಯವಿಲ್ಲ" ಎಂಬ ಹೊಸ ಪಾಠ ಬರೆಯುತ್ತದೆ, ಆದ್ದರಿಂದಲೇ ಭಯ ಕೆಲವೊಮ್ಮೆ ಮರಳಿ ಬರುತ್ತದೆ. ಈ ತಿಳಿವಳಿಕೆ ಬಂದದ್ದು ರಷ್ಯಾದ ವಿಜ್ಞಾನಿ ಪಾವ್ಲೊವ್ ಕಾಲದಿಂದ ನಡೆದ ಪ್ರಾಣಿ ಪ್ರಯೋಗಗಳಿಂದ. ಕೊರಗಿನ ಬಗ್ಗೆ ಅವು ಏನೂ ಹೇಳವು.

ಒಬ್ಬ ತಾಯಿ, ಸಿರುಗುಪ್ಪ

ನೀವೆಲ್ಲ ಮಾತಾಡುತ್ತಿರುವುದು ನನ್ನ ಮನೆಯ ವಿಷಯವೇ ಆಗಿರುವುದರಿಂದ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಹತ್ತೊಂಬತ್ತು ವರ್ಷ. ಎರಡೂವರೆ ತಿಂಗಳ ಹಿಂದೆ ಬಳ್ಳಾರಿ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ತಗುಲಿತು, ಹಿಂದೆ ಕೂತಿದ್ದ ಗೆಳೆಯ ಉಳಿಯಲಿಲ್ಲ. ಅಂದೇ ತಲೆಯ ಸಿ.ಟಿ. ಮಾಡಿಸಿದೆವು, ಏನೂ ಇಲ್ಲ ಎಂದರು. ಆದರೆ ಅವನು ಬೈಕ್ ಹತ್ತುವುದಿಲ್ಲ, ಲಾರಿಯ ಹಾರ್ನ್ ಕೇಳಿದರೆ ಕೈ ನಡುಗುತ್ತದೆ, ರಾತ್ರಿ ದೀಪ ಆರಿಸಲು ಬಿಡುವುದಿಲ್ಲ. ಅವರ ಅಪ್ಪ, ರಿಪೋರ್ಟ್ ನಾರ್ಮಲ್ ಇದೆ, ಸುಮ್ಮನೆ ನಾಟಕ ಎನ್ನುತ್ತಾರೆ. ಪರಿಚಯದವರೊಬ್ಬರು ಹೇಳಿದರೆಂದು ಒಂದು ಕೇಂದ್ರಕ್ಕೆ ಹೋಗಿ ಕೇಳಿದಾಗ, ದೊಡ್ಡ ಎಂ.ಆರ್.ಐ. ಮಾಡಿಸಿದರೆ ಮನಸ್ಸಿನ ಆಘಾತ ಕಾಣುತ್ತದೆ ಎಂದು ಕೌಂಟರಿನಲ್ಲಿದ್ದ ಹುಡುಗ ಹೇಳಿದ. ಸಾಲ ಮಾಡಿಯಾದರೂ ಮಾಡಿಸಬೇಕೆಂದಿದ್ದೇನೆ. ಕಾಣುತ್ತದೆಯೇ?

ಸ್ಕ್ಯಾನ್ ಕೋಣೆ, ಬಳ್ಳಾರಿ

ಅಮ್ಮಾ, ಸಾಲ ಮಾಡಬೇಡಿ. ಮನಸ್ಸಿನ ಆಘಾತವನ್ನು ಪತ್ತೆ ಹಚ್ಚುವ ಸ್ಕ್ಯಾನ್ ಎಂಬುದು ಆಸ್ಪತ್ರೆಯ ಬಳಕೆಯಲ್ಲಿ ಇಲ್ಲ. ಅಪಘಾತದ ದಿನ ಸಿ.ಟಿ. ಮಾಡುವುದು ಮುಖ್ಯವಾಗಿ ತಲೆಬುರುಡೆ ಬಿರಿದಿದೆಯೇ, ಒಳಗೆ ರಕ್ತ ಸೋರಿದೆಯೇ ಎಂದು ನೋಡಲು. ಹೊಸ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಅದು ಇಲ್ಲ ಎಂದಷ್ಟೇ ರಿಪೋರ್ಟ್ ಹೇಳಿದೆ, ಹುಡುಗ ಚೆನ್ನಾಗಿದ್ದಾನೆ ಎಂದು ಹೇಳಿಲ್ಲ. ಯಜಮಾನರಿಗೆ ಇದನ್ನು ಓದಿ ಹೇಳಿ. ತಲೆನೋವು, ವಾಂತಿ, ಮಂಪರು ಏನಾದರೂ ಇದ್ದರೆ ಮಾತ್ರ ಮತ್ತೆ ವೈದ್ಯರಿಗೆ ತೋರಿಸಿ, ಬೇಕೋ ಬೇಡವೋ ಅವರೇ ಹೇಳುತ್ತಾರೆ.

ಇನ್ನೊಂದು ಮಾತು. ಎಂ.ಆರ್.ಐ. ಸುರಂಗದೊಳಗೆ ಬಡಿತದ ಸದ್ದು ಜೋರು. ಗಣಿಯಲ್ಲಿ ಮಣ್ಣು ಕುಸಿದು ಅರ್ಧ ಗಂಟೆ ಸಿಕ್ಕಿಕೊಂಡಿದ್ದ ಒಬ್ಬರನ್ನು, ಬೆನ್ನಿನ ತೊಂದರೆಗೆಂದು ಒಮ್ಮೆ ಮಲಗಿಸಿದ್ದೆ. ತಾಳಿ, ಉಂಗುರ, ಉಡದಾರದ ತಾಯಿತ ಎಲ್ಲ ತೆಗೆಸುವುದರಲ್ಲಿ ನಮ್ಮ ಗಮನ ಇರುತ್ತದೆ. ಹೆಣ್ಣುಮಕ್ಕಳು ತಾಳಿ ತೆಗೆಯಲು ಹಿಂಜರಿದರೆ ಅರಿಶಿನದ ಕೊಂಬು ಕಟ್ಟಿದ ದಾರ ಕೊಡುವ ಅಭ್ಯಾಸವೂ ಇದೆ. ಆದರೆ ಈ ಮನುಷ್ಯ ಎಲ್ಲಿಂದ ಬಂದವನು ಎಂದು ಅಂದು ನಾನು ಕೇಳಿರಲಿಲ್ಲ. ಮೊದಲ ಬಡಿತಕ್ಕೇ ನಮ್ಮನ್ನು ಕರೆಯಲೆಂದು ಕೈಯಲ್ಲಿ ಕೊಟ್ಟಿದ್ದ ರಬ್ಬರ್ ಗುಂಡಿಯನ್ನು ಒತ್ತಿ ಒತ್ತಿ ಹರಿದೇಬಿಟ್ಟರು. ಅಂದಿನಿಂದ ಮಲಗಿಸುವ ಮುಂಚೆ, ಎಲ್ಲಾದರೂ ಸಿಕ್ಕಿಹಾಕಿಕೊಂಡದ್ದು ಉಂಟೇ ಎಂದು ಕೇಳುತ್ತೇನೆ.

ಆಪ್ತಸಮಾಲೋಚಕಿ, ರಾಯಚೂರು

ಅಕ್ಕಾ, ನಿಮ್ಮ ಮಗ ನಾಟಕ ಮಾಡುತ್ತಿಲ್ಲ. ನೀವು ಬರೆದದ್ದಷ್ಟರಿಂದ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ, ಆದರೆ ಎರಡೂವರೆ ತಿಂಗಳಾದರೂ ಹೀಗಿದ್ದರೆ ಕಾಯುವ ಕಾಲ ಮುಗಿದಿದೆ. ಪರೀಕ್ಷೆ ನಡೆಯುವುದು ಎದುರು ಕೂತು ಮಾತಾಡುವುದರ ಮೂಲಕ. ಇಂದೇ 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್ ಎಂಬ ಉಚಿತ ಸರ್ಕಾರಿ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೂ ನೇರವಾಗಿ ಹೋಗಬಹುದು. ಗೆಳೆಯ ಹೋದ ದುಃಖವನ್ನು ಅವನು ಯಾರ ಮುಂದೂ ಹೇಳಿರಲಾರ, ಅದಕ್ಕೂ ಜಾಗ ಬೇಕು. ಸಾಯುವ ಮಾತು ಆಡಿದರೆ ಒಂಟಿಯಾಗಿ ಬಿಡದೆ ಆ ಕ್ಷಣವೇ ಕರೆದೊಯ್ಯಿರಿ.

ಈ ಗೊಂದಲಕ್ಕೆ ನಮ್ಮ ಮಾತೂ ಸ್ವಲ್ಪ ಕಾರಣ ಎಂದು ನನಗೆ ಅನಿಸುತ್ತದೆ. ಹೃದಯಾಘಾತ, ವಿದ್ಯುದಾಘಾತ, ಮಾನಸಿಕ ಆಘಾತ, ಎಲ್ಲಕ್ಕೂ ಒಂದೇ ಪದ. ಹೃದಯಾಘಾತವಾದರೆ ಇ.ಸಿ.ಜಿ.ಯಲ್ಲಿ ಗೆರೆ ಬದಲಾಗುತ್ತದೆ, ಹಾಗಿದ್ದರೆ ಮನಸ್ಸಿನ ಆಘಾತಕ್ಕೂ ಒಂದು ಗೆರೆ ಇರಬೇಕಲ್ಲ ಎಂದು ಕೇಳುವವರು ನಿರೀಕ್ಷಿಸುತ್ತಾರೆ. ಗೆರೆ ಸಿಗದಿದ್ದರೆ ನಾಟಕ ಎನ್ನುತ್ತಾರೆ.

ಸಂಶೋಧನೆಯಲ್ಲಿ ಚಿತ್ರಗಳು ಏನನ್ನೂ ತೋರಿಸಿಲ್ಲವೇ ಎಂದರೆ, ತೋರಿಸಿವೆ. ಆಘಾತೋತ್ತರ ಒತ್ತಡದ ಕಾಯಿಲೆಯವರ ಗುಂಪಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗ ಸರಾಸರಿಯಲ್ಲಿ ಚಿಕ್ಕದಿರುತ್ತದೆ ಎಂದು ಹಲವು ಅಧ್ಯಯನಗಳು ಕಂಡಿವೆ. ಆಘಾತವೇ ಅದನ್ನು ಸವೆಸಿತು ಎಂದು ಮೊದಲು ಅನೇಕರು ಊಹಿಸಿದರು. 2002ರಲ್ಲಿ ಗಿಲ್ಬರ್ಟ್‌ಸನ್ ಮತ್ತು ಸಂಗಡಿಗರು ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರ ಜೊತೆ, ಯುದ್ಧಕ್ಕೆ ಹೋಗದೆ ಮನೆಯಲ್ಲಿದ್ದ ಅವರ ತದ್ರೂಪಿ ಅವಳಿ ಸಹೋದರರನ್ನೂ ಎಂ.ಆರ್.ಐ.ಯಲ್ಲಿ ಮಲಗಿಸಿದರು. ಕಾಯಿಲೆ ತೀವ್ರವಾಗಿದ್ದವರ ಮನೆಯಲ್ಲಿದ್ದ ಸಹೋದರರಲ್ಲೂ ಆ ಭಾಗ ಚಿಕ್ಕದೇ ಇತ್ತು. ಅಂದರೆ ಒಂದಿಷ್ಟಾದರೂ ಅದು ಮೊದಲೇ ಇದ್ದ ಸ್ಥಿತಿ. ಮನೆಯಲ್ಲೇ ಉಳಿದ ಆ ಸಹೋದರನನ್ನು ಮಲಗಿಸದೇ ಹೋಗಿದ್ದರೆ, ಚಿತ್ರವನ್ನು ನಾವು ಇಂದಿಗೂ ತಲೆಕೆಳಗಾಗಿ ಓದುತ್ತಿದ್ದೆವು.

ಭತ್ತದ ಕಣಜ, ಗಂಗಾವತಿ

ತಂಗಿಯ ಮಗನ ವಿಷಯ ಓದಿ ನನ್ನ ಮೊದಲಿನ ಮಾತು ಹಗುರವಾಯಿತು ಎನಿಸಿತು, ಹಿಂತೆಗೆದುಕೊಳ್ಳುತ್ತೇನೆ. ಆದರೂ ಇನ್ನೊಂದು ಶಂಕೆ ಉಳಿದಿದೆ. ಇಂದು ಹೀಗೆ, ನಾಳೆ ಹಾಗೆ ಎನ್ನುವ ಈ ಸಂಶೋಧಕರನ್ನು ನಂಬುವುದಾದರೂ ಹೇಗೆ?

ಪಾತರಗಿತ್ತಿ ಹುಚ್ಚ, ಕೊಪ್ಪಳ

ಅಣ್ಣಾ, ರೆಕ್ಕೆಯಿಂದಲೇ ಉತ್ತರ ಕೊಡುತ್ತೇನೆ. ಕಾಲುವೆ ಬದಿಯ ಗದ್ದೆಗಳಲ್ಲಿ ಕಿತ್ತಳೆ ಬಣ್ಣದ ಮೇಲೆ ದೊಡ್ಡ ಕಣ್ಣಿನ ಗುರುತುಳ್ಳ ನವಿಲು ಪ್ಯಾನ್ಸಿ ಚಿಟ್ಟೆಯನ್ನು ನೀವೂ ನೋಡಿರುತ್ತೀರಿ. ಮಳೆಗಾಲದವುಗಳ ರೆಕ್ಕೆಯ ಕೆಳಬದಿಯಲ್ಲೂ ಕಣ್ಣುಗಳಿರುತ್ತವೆ, ಬೇಸಿಗೆಯವು ಒಣಗಿದ ಎಲೆಯಂತೆ ಸಪ್ಪಗಿರುತ್ತವೆ. ಜಾತಿ ಒಂದೇ. ಈ ಕಣ್ಣು ಮೂಡುವುದು ಹೇಗೆಂದು 1980ರಲ್ಲಿ ಫ್ರೆಡ್ ನೈಹೌಟ್ ಅಮೆರಿಕದ ಪ್ಯಾನ್ಸಿಯ ಎಳೆಯ ಕೋಶದಲ್ಲಿ ಪರೀಕ್ಷಿಸಿದರು. ಕಣ್ಣಿನ ನಡುಬಿಂದುವಾಗಬೇಕಿದ್ದ ಕೆಲವೇ ಜೀವಕೋಶಗಳನ್ನು ಸುಟ್ಟರೆ ಕಣ್ಣು ಮೂಡಲಿಲ್ಲ, ಅವನ್ನೇ ಕಿತ್ತು ಬೇರೆಡೆ ನೆಟ್ಟರೆ ಅಲ್ಲಿ ಕಣ್ಣು ಮೂಡಿತು. ಅದು ಇಂದಿಗೂ ನಿಂತಿದೆ.

ಬಿದ್ದುಹೋದ ಒಂದು ಮಾತೂ ಇದೆ. ಕಪ್ಪು ಬಣ್ಣ ಎಲ್ಲಿ ಬರಬೇಕೆಂದು ನಿರ್ಧರಿಸುವ ಒಂದು ತಾಣವನ್ನು ಹಲವು ಜಾತಿಗಳ ಡಿ.ಎನ್.ಎ.ಯಲ್ಲಿ ಗುರುತಿಸಿ, 2016ರಲ್ಲಿ ಅಲ್ಲಿರುವ ಕಾರ್ಟೆಕ್ಸ್ ಎಂಬ ಜೀನೇ ಅದರ ಯಜಮಾನ ಎಂದು ಪ್ರಕಟಿಸಿದ್ದರು. 2024ರಲ್ಲಿ ಬೇರೆಬೇರೆ ತಂಡಗಳು ಸೂಕ್ಷ್ಮವಾಗಿ ಕತ್ತರಿಸಿ ನೋಡಿದಾಗ, ಕೆಲಸ ಮಾಡುತ್ತಿದ್ದುದು ಅದರ ಪಕ್ಕದಲ್ಲಿ ಕೂತಿದ್ದ, ಪ್ರೋಟೀನನ್ನೇ ತಯಾರಿಸದ ಒಂದು ಆರ್.ಎನ್.ಎ. ಎಂದು ತಿಳಿಯಿತು. ಮನೆ ಸರಿಯಾಗಿಯೇ ಸಿಕ್ಕಿತ್ತು, ಬಾಗಿಲು ತಟ್ಟಿದ್ದು ಮಾತ್ರ ಪಕ್ಕದವರದ್ದು. ತಿದ್ದಿ ಬರೆದವರಲ್ಲಿ ಮೊದಲು ಬರೆದವರೂ ಇದ್ದರು. ಹೀಗೆ ತಿದ್ದಿಕೊಳ್ಳುವವರನ್ನು ನಾನು ನಂಬುತ್ತೇನೆ.

ಸ್ಕ್ಯಾನ್ ಕೋಣೆ, ಬಳ್ಳಾರಿ

ಮಾಸ್ತರರು ಮಕ್ಕಳಿಗೆ ಹೇಳಲು ಇನ್ನೂ ಒಂದು ವಿಷಯ. ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯ ತಲೆಯನ್ನು ಲಂಡನ್ನಿನಲ್ಲಿ ಚಿತ್ರಿಸಿದ್ದು 1971ರ ಅಕ್ಟೋಬರ್ 1ರಂದು, ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಈ ಯಂತ್ರದ ಕೆಲಸಕ್ಕಾಗಿ 1979ರಲ್ಲಿ ನೊಬೆಲ್ ಬಂತು. ಅದೇ 1971ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತ ವಿಭಾಗ ಕಟ್ಟಿದ ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಸೇರಿ, ಸುತ್ತಲಿನಿಂದ ತೆಗೆದ ಎಕ್ಸ್-ರೇ ನೆರಳುಗಳಿಂದ ಒಳಗಿನ ಆಕಾರವನ್ನು ಮರಳಿ ಕಟ್ಟುವ ಒಂದು ಚುರುಕಾದ ಲೆಕ್ಕವನ್ನು ಪ್ರಕಟಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದನ್ನು ರಾಮ್-ಲಕ್ ಶೋಧಕ (ಫಿಲ್ಟರ್) ಎನ್ನುತ್ತಾರೆ. ಪಠ್ಯದಲ್ಲಿ ಈ ಹೆಸರು ಇಲ್ಲದಿರುವುದು ನನಗೆ ಹಳೆಯ ಕೊರಗು.

ಆಪ್ತಸಮಾಲೋಚಕಿ, ರಾಯಚೂರು

ಹೆಮ್ಮೆಯ ಮಾತು ಬಂದದ್ದರಿಂದ ಬಳ್ಳಾರಿಯ ಪಾಲನ್ನೂ ಸೇರಿಸುತ್ತೇನೆ. ಮನೋರೋಗಕ್ಕೆ ಬೆಂಗಳೂರಿಗೇ ಹೋಗಬೇಕು ಎಂಬ ಕಾಲದಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿ ನೋಡಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಈ ಬಳ್ಳಾರಿ ಮಾದರಿಯ ಮೇಲೆ. ಸಿರುಗುಪ್ಪದ ಅಕ್ಕ ಜಿಲ್ಲಾ ಆಸ್ಪತ್ರೆಯ ಬಾಗಿಲಿಗೆ ಹೋಗಲು ಅಳುಕಬಾರದು ಎಂದೇ ಇದನ್ನು ಹೇಳಿದೆ.

ಒಬ್ಬ ತಾಯಿ, ಸಿರುಗುಪ್ಪ

ನಿನ್ನೆ ಕರೆ ಮಾಡಿದೆ. ಮೊದಲು ನಾನು ಮಾತಾಡಿದೆ, ಆಮೇಲೆ ಅವನೇ ಫೋನ್ ಇಸಿದುಕೊಂಡು ಮಾಳಿಗೆಗೆ ಹೋದ. ನಲವತ್ತು ನಿಮಿಷ ಇಳಿಯಲಿಲ್ಲ. ಮಂಗಳವಾರ ಆಸ್ಪತ್ರೆಗೆ ಹೋಗುತ್ತೇವೆ, ಬಸ್ಸಿನಲ್ಲಿ. ಅವರ ಅಪ್ಪನೂ ಬರುತ್ತೇನೆ ಎಂದಿದ್ದಾರೆ.

ವಿಜ್ಞಾನ ಮಾಸ್ತರ, ಸಿಂಧನೂರು

ಎಲ್ಲರಿಗೂ ವಂದನೆಗಳು. ಸೋಮವಾರ ಹೇಳಿದ್ದನ್ನು ಈ ಸೋಮವಾರ ತಿದ್ದಿ ಹೇಳಿದೆ, ಸತ್ತ ಮೀನಿನ ಪ್ರಸಂಗಕ್ಕೆ ತರಗತಿ ಐದು ನಿಮಿಷ ನಕ್ಕಿತು.

ಕೋಶಗಳ ವರದಿ ಹೀಗಿದೆ. ಮೊದಲನೆಯದು ಬುಧವಾರ ಸಂಜೆ ಕಪ್ಪಾಯಿತು, ಹಳದಿ ಚುಕ್ಕೆಗಳು ಸಿಪ್ಪೆಯ ಮೂಲಕ ಕಂಡವು. ಗುರುವಾರ ಪ್ರಾರ್ಥನೆಯ ಹೊತ್ತಿಗೆ ಸಿಪ್ಪೆ ಸೀಳಿ, ಒದ್ದೆ ಬಟ್ಟೆ ಹಿಂಡಿದಂತೆ ಮುದುಡಿದ್ದ ರೆಕ್ಕೆಗಳೊಡನೆ ಹೊರಬಂದು, ಕಡ್ಡಿಗೆ ನೇತುಬಿದ್ದು, ಒಂದಿಷ್ಟು ಹೊತ್ತಿನಲ್ಲೇ ಅವನ್ನು ಬಿಡಿಸಿಕೊಂಡಿತು, ಎರಡನೇ ಅವಧಿಯಲ್ಲಿ ಹಾರಿತು. ಎರಡನೆಯದರಲ್ಲಿ ಶುಕ್ರವಾರ ಸೂಜಿಯ ಮೊನೆಯಷ್ಟು ತೂತು ಕಂಡಿತು, ಅದರಿಂದ ಒಂದರ ಹಿಂದೊಂದು ಸಾಸಿವೆಗಿಂತ ಚಿಕ್ಕ ರೆಕ್ಕೆಹುಳುಗಳು ಹೊರಬಂದವು. ಮಕ್ಕಳು ನಲವತ್ತೊಂದರವರೆಗೆ ಎಣಿಸಿದರು. ಮೂರನೆಯದು ಹನ್ನೊಂದನೇ ದಿನವೂ ಹಸಿರಾಗಿಯೇ ಇದೆ.

ಪಾತರಗಿತ್ತಿ ಹುಚ್ಚ, ಕೊಪ್ಪಳ

ಎರಡನೆಯದಕ್ಕೆ ಬಿದ್ದದ್ದು ಪರಾವಲಂಬಿ ಕಣಜ. ಹುಳು ಕೊನೆಯ ಪೊರೆ ಕಳಚಿದ ಕೂಡಲೇ, ಮೆತ್ತಗಿರುವಾಗಲೇ ಬಂದು ಮೊಟ್ಟೆಯಿಟ್ಟು ಹೋಗಿರುತ್ತದೆ. ಮೂರನೆಯದು ಅಲುಗಾಡುತ್ತದೆಯೇ?

ಭತ್ತದ ಕಣಜ, ಗಂಗಾವತಿ

ಆ ಕಣಜ ಬೇರೆ, ಈ ಕಣಜ ಬೇರೆ ಎಂದು ಮಕ್ಕಳಿಗೆ ದಯವಿಟ್ಟು ತಿಳಿಸಿ.

ವಿಜ್ಞಾನ ಮಾಸ್ತರ, ಸಿಂಧನೂರು

ತಿಳಿಸಿದ್ದೇನೆ ಅಣ್ಣಾ. ಮೂರನೆಯದನ್ನು ಇಂದು ಬೆಳಿಗ್ಗೆ ಆ ಹುಡುಗಿ ಗರಿಯ ತುದಿಯಿಂದ ಮುಟ್ಟಿದಳು. ಬಾಲ ಅಲುಗಾಡಿತು. ಅವಳ ಪುಸ್ತಕದಲ್ಲಿ ಹೀಗೆ ಬರೆದಿದ್ದಾಳೆ: ಕೋಶ 3, ಚಿಟ್ಟೆ 1, ಕಣಜ 41, ಗೊತ್ತಿಲ್ಲ 1. ಸೊಳ್ಳೆಪರದೆಯನ್ನು ಮತ್ತೆ ಕಟ್ಟಿಟ್ಟಿದ್ದಾಳೆ.